ಮಲೆನಾಡಿನ ಜನಕ್ಷಯವೂ ಸರ್ಕಾರದ ಪ್ರಯತ್ನಗಳೂ

ಕಂದಾಯ ಇಲಾಖೆಯ ಕಡತಗಳಲ್ಲಿ ‘ಬೇಚರಾಕು ಗ್ರಾಮ’ ಎಂಬುದೊಂದು ಮಾತುಂಟು. ಪಾರಸೀ ಭಾಷೆಯಿಂದ ನಮ್ಮ ಲೆಕ್ಕಪತ್ರಗಳೊಳಕ್ಕೆ ಬಂದ ಈ ಪದಕ್ಕೆ ‘ದೀಪವಿಲ್ಲದ್ದು’ ಎಂದರ್ಥ. ಅಂತಹ ಗ್ರಾಮಕ್ಕೆ ಹೆಸರಿದೆ, ಎಲ್ಲೆಕಟ್ಟಿದೆ, ಸರ್ವೆ ನಂಬರುಗಳಿವೆ. ಆದರೆ ಸಂಜೆಯಾದರೆ ದೀಪ ಹಚ್ಚುವ ಒಂದು ಮನೆಯೂ ಇಲ್ಲ. ಶಾನುಭೋಗನ ಲೆಕ್ಕದಲ್ಲಿ ಊರು ಬದುಕಿದೆ. ನೆಲದ ಮೇಲೆ ಅದು ಸತ್ತು ಹೋಗಿದೆ. ಮಲೆನಾಡಿನ ತಾಲ್ಲೂಕುಗಳ ಗ್ರಾಮಪಟ್ಟಿಗಳನ್ನು ತಿರುವಿಹಾಕುವವರಿಗೆ ಈ ಪದವು ಮತ್ತೆ ಮತ್ತೆ ಎದುರಾಗುತ್ತದೆ. ಒಂದೊಂದು ಸಲ ಅದರ ಹಿಂದೆ ಒಂದು ಯುದ್ಧವಿದೆ, ಒಂದೊಂದು ಸಲ ಒಂದು ರೋಗವಿದೆ, ಒಂದೊಂದು ಸಲ ಸರ್ಕಾರವೇ ಕಟ್ಟಿಸಿದ ಒಂದು ಅಣೆಕಟ್ಟಿದೆ.

ಈ ಜನಕ್ಷಯವನ್ನು ತಡೆಯುವುದಕ್ಕೆ ಆಯಾ ಕಾಲದ ಸರ್ಕಾರಗಳು ಮಾಡಿದ ಪ್ರಯತ್ನಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ಮಠದ ಮಹೋತ್ಸವದ ಸಂಸ್ಮರಣ ಗ್ರಂಥದಲ್ಲಿ ಖಾನೇಷುಮಾರಿಯ ಮಾತೇಕೆ ಎಂದು ವಾಚಕ ಮಹಾಶಯರು ಶಂಕಿಸಬಹುದು. ಮಠವೆಂಬುದು ಕಲ್ಲು ಮರಗಳ ಕಟ್ಟಡವಲ್ಲ. ಸುತ್ತಲಿನ ಊರುಗಳಲ್ಲಿ ಒಲೆ ಉರಿಯುತ್ತಿದ್ದರೆ ಮಾತ್ರ ಮಠದ ದಾಸೋಹದ ಒಲೆಯೂ ಉರಿಯುತ್ತದೆ. ಭಕ್ತರಿಲ್ಲದ ಸೀಮೆಯಲ್ಲಿ ಗದ್ದುಗೆಯೊಂದೇ ಉಳಿದರೆ ಅದನ್ನು ಮಠವೆನ್ನುವರಾರು? ಆದಕಾರಣ ಈ ವಿಚಾರವು ಸರ್ಕಾರದವರಿಗೆಷ್ಟು ಸಂಬಂಧಿಸಿದ್ದೋ ನಮಗೂ ಅಷ್ಟೇ ಸಂಬಂಧಿಸಿದ್ದು.

ಮಲೆನಾಡು ಮೊದಲಿನಿಂದಲೂ ಜನವಿರಳವಾದ ಸೀಮೆಯಾಗಿರಲಿಲ್ಲ. ವೀರಶೈವರಾದ ಕೆಳದಿಯ ಅರಸರು ಕೆಳದಿ, ಇಕ್ಕೇರಿ, ಬಿದನೂರುಗಳನ್ನು ಕ್ರಮವಾಗಿ ರಾಜಧಾನಿಗಳನ್ನಾಗಿ ಮಾಡಿಕೊಂಡು ಎರಡೂವರೆ ಶತಮಾನಗಳಿಗೂ ಮಿಕ್ಕ ಕಾಲ ಇಲ್ಲಿ ಆಳಿದರು. ಅವರು ಮಠಗಳಿಗೆ ಉಂಬಳಿಗಳನ್ನು ಬಿಟ್ಟರು, ಶೃಂಗೇರಿಗೂ ದಾನಗಳನ್ನಿತ್ತರು. ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನು ಭೂಮಿಯ ಸಾರವನ್ನು ಪರೀಕ್ಷಿಸಿ ಕಂದಾಯವನ್ನು ನಿಗದಿಮಾಡಿದ ಕ್ರಮವು ‘ಶಿಸ್ತು’ ಎಂಬ ಹೆಸರಿನಿಂದ ಇಂದಿಗೂ ಪ್ರಖ್ಯಾತವಾಗಿದೆ. ತಾನು ತೆರಬೇಕಾದುದೆಷ್ಟೆಂಬುದು ರೈತನಿಗೆ ಮೊದಲೇ ತಿಳಿದಿದ್ದರೆ ಅವನು ಅಡಕೆಯ ಸಸಿಯನ್ನು ನೆಡಲು ಹಿಂಜರಿಯುವುದಿಲ್ಲ. ಅಡಕೆಯ ತೋಟವೋ, ನೆಟ್ಟ ವರ್ಷವೇ ಫಲ ಕೊಡುವಂಥದಲ್ಲ. ತಂದೆ ನೆಟ್ಟುದನ್ನು ಮಗ ಕೊಯ್ಯಬೇಕು. ಆದುದರಿಂದ ಮಲೆನಾಡಿನ ಬೇಸಾಯವು ವಂಶವು ಅಲ್ಲಿಯೇ ನಿಲ್ಲುವುದೆಂಬ ನಂಬಿಕೆಯ ಮೇಲೆ ನಿಂತಿರತಕ್ಕದ್ದು. ಶಿಸ್ತು ಆ ನಂಬಿಕೆಗೆ ಆಧಾರವಾಗಿತ್ತು.

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಊರಿಗೆ ಹೈದರನಗರವೆಂಬ ಹೆಸರಾಗಿ, ಕಾಲಕ್ರಮದಲ್ಲಿ ನಗರವೆಂಬ ಹೆಸರಷ್ಟೇ ಉಳಿಯಿತು. ೧೭೮೩ರಲ್ಲಿ ಇಂಗ್ಲಿಷರ ಸೈನ್ಯವು ಅದನ್ನು ಹಿಡಿದು, ಅದೇ ವರ್ಷ ಟಿಪ್ಪುವಿಗೆ ಒಪ್ಪಿಸಬೇಕಾಯಿತು. ೧೮೦೧ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಖಾನನನು ಆ ಪಟ್ಟಣದ ಇಳಿಗಾಲವನ್ನು ಕಂಡನು. ಮುಂದೆ ೧೮೩೦–೩೧ರ ನಗರದ ದಂಗೆಯು ಕಂದಾಯದ ಹೊರೆಯನ್ನು ತಾಳಲಾರದ ರೈತರಿಂದ ಹುಟ್ಟಿ, ಮೈಸೂರಿನ ಆಡಳಿತವೇ ೧೮೩೧ರಿಂದ ೧೮೮೧ರವರೆಗೆ ಇಂಗ್ಲಿಷರ ಕೈಗೆ ಹೋಗಲು ಕಾರಣವಾಯಿತು. ಹತ್ತೊಂಬತ್ತನೆಯ ಶತಮಾನದ ಅಂತ್ಯದ ವೇಳೆಗೆ ತಾಲ್ಲೂಕಿನ ಕಚೇರಿಯು ನಗರದಿಂದ ಕಲ್ಲೂರುಕಟ್ಟೆಗೆ ಹೋಯಿತು. ಅದೇ ಇಂದಿನ ಹೊಸನಗರ. ರಾಜಧಾನಿಯಾಗಿದ್ದ ಊರನ್ನು ತಾಲ್ಲೂಕು ಕಚೇರಿಯೂ ಬಿಟ್ಟುಹೋಯಿತೆಂದಮೇಲೆ ಅದರ ಸ್ಥಿತಿಯನ್ನು ಬೇರೆ ವರ್ಣಿಸಬೇಕಾಗಿಲ್ಲ.

ಆದರೆ ಯುದ್ಧದಿಂದ ಬರಿದಾದ ಊರು ಶಾಂತಿ ಬಂದಮೇಲೆ ಮತ್ತೆ ತುಂಬುವುದು ಲೋಕದ ರೂಢಿ. ಮಲೆನಾಡು ಏಕೆ ತುಂಬಲಿಲ್ಲ? ಇದಕ್ಕೆ ಬಯಲುಸೀಮೆಯ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ೧೮೭೧ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದ ತರುವಾಯ, ೧೮೮೧ರಲ್ಲಿ, ಅದು ೪೧,೮೬,೧೮೮. ಹತ್ತು ವರ್ಷಗಳಲ್ಲಿ ೮ ಲಕ್ಷ ೬೯ ಸಾವಿರ ಮಂದಿ ಲೆಕ್ಕದಿಂದ ಮಾಯವಾದರು. ಈ ಪ್ರಳಯವು ಮುಖ್ಯವಾಗಿ ಬಯಲುಸೀಮೆಯದು. ಮಳೆಯ ನಾಡಾದ ಮಲೆನಾಡಿಗೆ ಅದರ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. ಆದರೂ ಆಶ್ಚರ್ಯವನ್ನು ನೋಡಿರಿ. ಇಪ್ಪತ್ತು ವರ್ಷಗಳು ಕಳೆಯುವಷ್ಟರಲ್ಲಿ, ೧೯೦೧ರಲ್ಲಿ, ಸಂಸ್ಥಾನದ ಜನಸಂಖ್ಯೆ ೫೫,೩೯,೩೯೯ಕ್ಕೆ ಏರಿ ಹಿಂದಿನ ನಷ್ಟವನ್ನು ತುಂಬಿಕೊಂಡಿತು. ಶಿವಮೊಗ್ಗ ಜಿಲ್ಲೆಯದು ಇದಕ್ಕೆ ವಿರುದ್ಧವಾದ ನಡೆ. ೧೯೦೧ರಲ್ಲಿ ಸುಮಾರು ೫ ಲಕ್ಷ ೩೧ ಸಾವಿರವಿದ್ದ ಅಲ್ಲಿಯ ಜನಸಂಖ್ಯೆ ೧೯೨೧ಕ್ಕೆ ೫ ಲಕ್ಷಕ್ಕೂ ಕೆಳಗಿಳಿಯಿತು. ಅದೇ ಅವಧಿಯಲ್ಲಿ ಸಂಸ್ಥಾನದ ಒಟ್ಟು ಜನಸಂಖ್ಯೆ ೫೯,೭೮,೮೯೨ಕ್ಕೆ ಏರಿತ್ತು. ಪ್ಲೇಗು ಮತ್ತು ೧೯೧೮ರ ಇನ್‌ಫ್ಲುಯೆಂಜಾಗಳು ಎರಡು ಸೀಮೆಗಳಿಗೂ ಬಂದುವು. ಹಾಗಾದರೆ ಮಲೆನಾಡನ್ನು ಪ್ರತ್ಯೇಕವಾಗಿ ಕ್ಷಯಿಸುತ್ತಿದ್ದುದು ಬೇರೊಂದಿರಲೇಬೇಕು.

ಅದೇ ಚಳಿಜ್ವರ. ಕ್ಷಾಮವು ಬಿರುಗಾಳಿಯಂತೆ ಬಂದು ಕೆಡವಿಹೋಗುತ್ತದೆ. ಬದುಕುಳಿದವರು ಮತ್ತೆ ಮನೆ ಕಟ್ಟುತ್ತಾರೆ. ಜ್ವರವಾದರೋ ಗೆದ್ದಲಿನಂತೆ. ಅದು ಒಂದೇ ವರ್ಷದಲ್ಲಿ ಊರನ್ನು ನಾಶಮಾಡದೆ, ಶಿಶುಗಳನ್ನು ಕೊಲ್ಲುತ್ತದೆ, ಗರ್ಭಿಣಿಯರನ್ನು ಬಳಲಿಸುತ್ತದೆ, ದುಡಿಯುವವನ ರಕ್ತವನ್ನು ಹೀರಿ ಅವನನ್ನು ಜಗುಲಿಯ ಮೇಲೆ ಕೂರಿಸುತ್ತದೆ. ಹೊಟ್ಟೆಯ ಎಡಭಾಗದಲ್ಲಿ ಗುಲ್ಮವು ಊದಿ ಗಟ್ಟಿಯಾಗುವುದನ್ನು ಜನರು ‘ಜ್ವರಗಡ್ಡೆ’ ಎಂದು ಕರೆಯುತ್ತಿದ್ದರು. ಸಾವು ಹುಟ್ಟನ್ನು ಮೀರಿದ ಮನೆಯಲ್ಲಿ ತೋಟದ ಕೆಲಸಕ್ಕೆ ಕೈಗಳು ಸಾಲದೆ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಆಳುಗಳು ಬರಬೇಕಾಗುತ್ತಿತ್ತು. ಅವರೂ ಮಳೆಗಾಲಕ್ಕೆ ಮೊದಲೇ ಇಳಿದುಹೋಗುವರು. ಕಾಫಿ ಮತ್ತು ಅಡಕೆಯ ತೋಟಗಳಿಗೆ ದುಡಿದು ಹೋಗುವವರೇ ಹೊರತು ಬೇರೂರುವವರಲ್ಲ. ಖಾನೇಷುಮಾರಿ ನಡೆಯುತ್ತಿದ್ದುದು ಮಾರ್ಚಿ ತಿಂಗಳಿನಲ್ಲಿ. ಆಗ ಇನ್ನೂ ಘಟ್ಟದ ಮೇಲೆಯೇ ಇದ್ದ ಆಳುಗಳು ಎಣಿಕೆಯಲ್ಲಿ ಸೇರುತ್ತಿದ್ದುದರಿಂದ, ನೆಲೆನಿಂತ ಜನರ ನಿಜವಾದ ಕ್ಷಯವು ಕಾಗದದ ಮೇಲೆ ಕಂಡುದಕ್ಕಿಂತ ಹೆಚ್ಚೆಂದೇ ತಿಳಿಯಬೇಕು.

ಈ ಸಂಕಟವು ಮೈಸೂರು ಸರ್ಕಾರದ ಗಮನಕ್ಕೆ ಬಾರದೆ ಇರಲಿಲ್ಲ. ೧೯೧೨ರಲ್ಲಿ ದಿವಾನಗಿರಿಯನ್ನು ವಹಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಂಕಿಗಳನ್ನು ಕೇವಲ ಅಂಕಿಗಳೆಂದು ನೋಡುವವರಲ್ಲ. ಅವರ ಕಾಲದಲ್ಲಿ, ೧೯೧೪ರಲ್ಲಿ, ಮಲೆನಾಡು ಸುಧಾರಣೆಯ ಯೋಜನೆಯೊಂದು ಆರಂಭವಾಯಿತು. ಕುಡಿಯುವ ನೀರಿಗೆ ಬಾವಿಗಳನ್ನು ತೋಡಿಸುವುದು, ಮನೆಗಳ ಸುತ್ತ ಬೆಳೆದ ಪೊದೆಗಳನ್ನು ಕಡಿಸುವುದು, ಹಳ್ಳಿಯಿಂದ ಹಳ್ಳಿಗೆ ದಾರಿ ಮಾಡಿಸುವುದು, ವೈದ್ಯಸಹಾಯವನ್ನೂ ಕ್ವಿನೈನನ್ನೂ ಒದಗಿಸುವುದು ಇವೇ ಅದರ ಅಂಗಗಳು. ಒಂದು ಸೀಮೆಯ ಜನ ಕಡಿಮೆಯಾಗುತ್ತಿರುವುದನ್ನು ದೈವಸಂಕಲ್ಪವೆಂದು ಬಿಡದೆ, ರಾಜ್ಯವು ಹೊಣೆ ಹೊರತಕ್ಕ ಕಾರ್ಯವೆಂದು ಎಣಿಸಿದುದೇ ಆ ಯೋಜನೆಯ ಹಿರಿಮೆ.

ಆದರೂ ೧೯೨೧ರ ಎಣಿಕೆಯು ಅದರ ವೈಫಲ್ಯವನ್ನು ಸಾರಿತು. ಇದಕ್ಕೆ ಕಾರಣಗಳು ಎರಡು. ಮೊದಲನೆಯದು, ಮಲೆನಾಡಿನ ನೆಲೆ. ಬಯಲುಸೀಮೆಯ ಊರಿನಂತೆ ಅಲ್ಲಿ ಮನೆಗಳು ಒಂದೆಡೆ ಗುಂಪಾಗಿರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ನಡುವೆ ಹಳ್ಳಗಳು; ಹಳ್ಳಗಳ ಮೇಲೆ ಮರದ ದಿಮ್ಮಿಯ ಸಂಕಗಳು; ಮಳೆಗಾಲದಲ್ಲಿ ಅದೂ ಇಲ್ಲ. ನೂರು ಮನೆಗಳಿಗೆ ಒಂದು ಬಾವಿ ಸಾಕಾಗುವ ಬಯಲಿನ ಲೆಕ್ಕವು ಅಲ್ಲಿ ನಡೆಯದು. ಎರಡನೆಯದು, ರೋಗದ ನಿಜವಾದ ನೆಲೆ. ನೀರಿನ ದೋಷದಿಂದ ಜ್ವರ ಬರುವುದೆಂದು ಜನರು ಪೂರ್ವದಿಂದಲೂ ನಂಬಿದ್ದರು. ಬೆಂಗಳೂರಿನಲ್ಲಿಯೂ ಸೇವೆ ಮಾಡಿದ್ದ ರೊನಾಲ್ಡ್ ರಾಸ್ ಎಂಬ ವೈದ್ಯನು ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ, ಮಲೇರಿಯದ ಬೀಜವು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ಕಂಡುಹಿಡಿದಿದ್ದನು. ಆದರೆ ಸೊಳ್ಳೆಗಳಲ್ಲಿ ಯಾವ ಜಾತಿಯದು ಮಲೆನಾಡಿನ ವೈರಿ, ಅದು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದನ್ನು ಸ್ಥಳದಲ್ಲಿಯೇ ನಿಂತು ಶೋಧಿಸಬೇಕಾಗಿತ್ತು.

ಈ ಕೆಲಸವು ೧೯೨೦ರ ದಶಕದ ಕೊನೆಯಲ್ಲಿ, ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೊದಲಾಯಿತು. ಮಲೆನಾಡಿನ ಮೂಡಿಗೆರೆಯಲ್ಲಿಯೂ ಬಯಲಿನ ಹಿರಿಯೂರಿನಲ್ಲಿಯೂ ಪರಿಶೋಧನೆಯ ಕೇಂದ್ರಗಳು ಏರ್ಪಟ್ಟುವು. ಬಯಲಿನಲ್ಲಿ ನಾಲೆಗಳ ನೀರಿನಲ್ಲಿ ಬೆಳೆಯುವ ಕ್ಯುಲಿಸಿಫೇಸಿಸ್ ಎಂಬ ಜಾತಿಯು ರೋಗವನ್ನು ಹರಡಿದರೆ, ಬೆಟ್ಟದ ಸೀಮೆಯಲ್ಲಿ ಆ ಪಾಪವು ಫ್ಲೂವಿಯಾಟಿಲಿಸ್ ಎಂಬ ಜಾತಿಗೆ ಸೇರಿದ್ದು. ಇದು ಕೊಳೆತ ನೀರನ್ನು ಬಯಸುವ ಸೊಳ್ಳೆಯಲ್ಲ. ತಿಳಿಯಾಗಿ, ಮೆಲ್ಲಗೆ ಹರಿಯುವ ತೊರೆಯ ಅಂಚಿನ ಹುಲ್ಲಿನಲ್ಲಿ ಇದರ ಸಂತಾನ. ಕಣ್ಣಿಗೆ ನಿರ್ಮಲವಾಗಿ ಕಂಡ ನೀರೇ ಮೃತ್ಯುವಿನ ತೊಟ್ಟಿಲಾಗಿತ್ತು! ಮನೆಯ ಸುತ್ತಲಿನ ಪೊದೆಯನ್ನು ಕಡಿದಮಾತ್ರಕ್ಕೆ ಜ್ವರವು ಏಕೆ ನಿಲ್ಲಲಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದುವರಿಯಲಾಗದು. ಇದೇ ಮೈಸೂರು ಸರ್ಕಾರವು ೧೯೩೦ರಲ್ಲಿ ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹೆಯನ್ನು ಕೊಡಲು ಅಪ್ಪಣೆ ಮಾಡಿತು. ಸರ್ಕಾರವೊಂದು ತಾನೇ ಇಂತಹ ಚಿಕಿತ್ಸಾಲಯಗಳನ್ನು ತೆರೆದುದು ಲೋಕದಲ್ಲಿ ಅದೇ ಮೊದಲೆಂದು ಹೇಳುವುದುಂಟು. ಒಂದು ಕಡೆ ಜನ ಕಡಿಮೆಯೆಂದು ಚಿಂತೆ, ಇನ್ನೊಂದು ಕಡೆ ಜನ ಹೆಚ್ಚೆಂದು ಚಿಂತೆ. ಇದು ವಿರೋಧವಲ್ಲವೇ ಎಂದರೆ, ಅಲ್ಲ. ಸಂಸ್ಥಾನದ ಒಟ್ಟು ಸಂಖ್ಯೆಯು ಒಂದು ಕಥೆಯನ್ನು ಹೇಳಿದರೆ, ಒಂದೊಂದು ಹಳ್ಳಿಯ ಸಂಖ್ಯೆಯು ತನ್ನದೇ ಆದ ಕಥೆಯನ್ನು ಹೇಳುತ್ತದೆ. ಸರಾಸರಿಯ ನೆರಳಿನಲ್ಲಿ ಹಳ್ಳಿಯ ದುಃಖವು ಮರೆಯಾಗುವುದು ಎಲ್ಲ ಕಾಲದ ಆಡಳಿತಕ್ಕೂ ಇರುವ ಅಪಾಯ.

ಜ್ವರಕ್ಕೆ ನಿಜವಾದ ಮದ್ದು ಎರಡನೆಯ ಮಹಾಯುದ್ಧದ ತರುವಾಯ ಬಂದಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ೧೯೪೬ರ ಸುಮಾರಿಗೆ ಮನೆಗಳ ಗೋಡೆಗಳಿಗೆ ಡಿ.ಡಿ.ಟಿ. ಎರಚುವ ಕೆಲಸವು ವಿಸ್ತಾರವಾಗಿ ನಡೆಯಿತು. ೧೯೪೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ಮಲೇರಿಯ ನಿಯಂತ್ರಣವನ್ನು ಮಾಡಿ ತೋರಿಸಲು ಆರಿಸಿಕೊಂಡ ಸೀಮೆಗಳಲ್ಲಿ ಮೈಸೂರಿನ ಮಲೆನಾಡೂ ಒಂದು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಮೊದಲಾಯಿತು. ಫಲವು ಕೆಲವೇ ವರ್ಷಗಳಲ್ಲಿ ಕಂಡಿತು. ೧೯೫೧ರಲ್ಲಿ ಸುಮಾರು ೬ ಲಕ್ಷ ೬೩ ಸಾವಿರವಿದ್ದ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ೧೯೬೧ಕ್ಕೆ ೧೦ ಲಕ್ಷವನ್ನು ದಾಟಿತು. ಇದರಲ್ಲಿ ಅಣೆಕಟ್ಟುಗಳ ಕೆಲಸಕ್ಕೂ ಹೊಸ ನೀರಾವರಿಯ ಭೂಮಿಗೂ ಬಂದವರು ಬಹುಮಂದಿ ಸೇರಿದ್ದಾರೆ. ಆದರೆ ಜ್ವರವು ತೊಲಗದಿದ್ದರೆ ಅವರು ಬಂದು ನಿಲ್ಲುವ ಧೈರ್ಯವನ್ನೇ ಮಾಡುತ್ತಿರಲಿಲ್ಲ. ಜ್ವರಗಡ್ಡೆಯೆಂದರೇನೆಂಬುದನ್ನು ಇಂದಿನ ಮಕ್ಕಳಿಗೆ ಹಿರಿಯರು ವಿವರಿಸಿ ಹೇಳಬೇಕಾಗಿದೆ. ಇದಕ್ಕಿಂತ ದೊಡ್ಡ ವಿಜಯ ಯಾವುದು?

ವಿಜಯವು ನಿಷ್ಕಳಂಕವಾಗಿರಲಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಉಣ್ಣೆಗಳ ಮೂಲಕ ಮನುಷ್ಯರಿಗೂ ತಗಲುವ ಹೊಸ ಜ್ವರವೊಂದು ಬೆಳಕಿಗೆ ಬಂದಿತು. ಜನರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ೧೯೬೪ರಲ್ಲಿ ಪೂರ್ತಿಯಾದ ಲಿಂಗನಮಕ್ಕಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಶರಾವತಿಯ ದಡದ ಹಳ್ಳಿಗಳು ಮುಳುಗಿದುವು. ನಾಡಿಗೆಲ್ಲ ವಿದ್ಯುದ್ದೀಪವನ್ನು ಕೊಟ್ಟ ಆ ಯೋಜನೆಯು, ತನ್ನ ಮಡಿಲಿನ ಊರುಗಳನ್ನೇ ಬೇಚರಾಕು ಮಾಡಿತೆಂಬುದು ಚರಿತ್ರೆಯ ಕಠೋರವಾದ ವಿನೋದ. ಅಲ್ಲಿಂದ ಎದ್ದು ಬಂದ ಸಂಸಾರಗಳನ್ನು ಕಾಡಿನ ಭೂಮಿಯಲ್ಲಿ ನೆಲೆಗೊಳಿಸಲಾಯಿತು. ಆ ಭೂಮಿಯ ಹಕ್ಕುಪತ್ರದ ವ್ಯಾಜ್ಯವು ಅವರ ಮೊಮ್ಮಕ್ಕಳ ಕಾಲಕ್ಕೂ ಪೂರ್ತಿಯಾಗಿ ತೀರಲಿಲ್ಲ.

ಜ್ವರವು ಬಿಟ್ಟ ನೆಲದಲ್ಲಿ ಜನರು ನಿಲ್ಲಬೇಕಾದರೆ ನೆಲವೂ ಅವರದಾಗಬೇಕು. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದುದು ಈ ನ್ಯಾಯಕ್ಕಾಗಿ. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಉಳುವವನನ್ನು ಒಡೆಯನನ್ನಾಗಿ ಮಾಡಿತು. ಅದರಿಂದ ಕೆಲವು ಮಠಗಳು ತಮ್ಮ ಗೇಣಿಯ ಭೂಮಿಯನ್ನು ಕಳೆದುಕೊಂಡುದೂ ಉಂಟು. ಆದರೆ ಶಿವಪ್ಪನಾಯಕನ ಶಿಸ್ತಿನಿಂದ ಮಠಕ್ಕೆ ಆದ ಲಾಭವು ಉಂಬಳಿಯಿಂದ ಮಾತ್ರವಲ್ಲ, ನೆಲೆನಿಂತ ಒಕ್ಕಲಿನಿಂದ ಎಂಬುದನ್ನು ಬಲ್ಲವರು ಈ ನಷ್ಟವನ್ನು ನಷ್ಟವೆಂದು ಎಣಿಸಲಾರರು.

ಇಷ್ಟೆಲ್ಲ ಆದಮೇಲೆ ಮಲೆನಾಡಿನ ಜನಕ್ಷಯದ ಅಧ್ಯಾಯವು ಮುಗಿಯಿತೆಂದು ಭಾವಿಸಬಹುದಾಗಿತ್ತು. ೨೦೧೧ರ ಖಾನೇಷುಮಾರಿಯು ಹಾಗೆ ಭಾವಿಸಲು ಬಿಡಲಿಲ್ಲ. ೨೦೦೧ರಲ್ಲಿ ೧೧,೪೦,೯೦೫ ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯು ೨೦೧೧ರಲ್ಲಿ ೧೧,೩೭,೯೬೧ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕರ್ನಾಟಕದ ಜನಸಂಖ್ಯೆಯು ೫ ಕೋಟಿ ೨೮ ಲಕ್ಷದಿಂದ ೬ ಕೋಟಿ ೧೦ ಲಕ್ಷಕ್ಕೆ ಏರಿತ್ತು. ನೆರೆಯ ಕೊಡಗಿನ ಏರಿಕೆಯೂ ನೂರಕ್ಕೆ ಒಂದರಷ್ಟೇ. ೨,೯೪೪ ಮಂದಿಯ ಇಳಿಕೆಯು ದೊಡ್ಡದೇನು ಎನ್ನಬಹುದು. ನೂರು ವರ್ಷಗಳ ಹಿಂದಿನ ಇಳಿಕೆಗೆ ಸಾವು ಕಾರಣವಾಗಿತ್ತು. ಇಂದಿನದಕ್ಕೆ ಹುಟ್ಟು ಕಡಿಮೆಯಾದುದೂ ತರುಣರು ಊರು ಬಿಟ್ಟು ನಡೆದುದೂ ಕಾರಣಗಳು. ಆಗ ರೋಗಿಗಳು ಊರಲ್ಲಿದ್ದರು, ಈಗ ವೃದ್ಧರು ಊರಲ್ಲಿದ್ದಾರೆ. ಶೃಂಗೇರಿ, ಕೊಪ್ಪಗಳ ಕಡೆ ಅಡಕೆಯ ತೋಟಗಳನ್ನು ಹಳದಿ ಎಲೆಯ ರೋಗವು ತಿನ್ನುತ್ತಿದೆ. ಮಗನು ಕೊಯ್ಯುವನೆಂದು ನೆಡುವ ತಂದೆಯ ನಂಬಿಕೆಯು ಸಡಿಲವಾಗಿದೆ.

ಸರ್ಕಾರವು ಇದನ್ನು ಸುಮ್ಮನೆ ನೋಡುತ್ತಿದೆಯೆಂದಲ್ಲ. ೧೯೯೧ರ ಶಾಸನದಿಂದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯು ಏರ್ಪಟ್ಟು, ಶಿವಮೊಗ್ಗವನ್ನು ಕೇಂದ್ರವಾಗಿಟ್ಟುಕೊಂಡು ರಸ್ತೆ, ಸೇತುವೆ, ಕಾಲುಸಂಕಗಳ ಕೆಲಸವನ್ನು ಮಾಡುತ್ತಿದೆ. ೧೯೧೪ರ ಯೋಜನೆಯ ದಾರಿ ಬಾವಿಗಳ ನೇರ ಸಂತಾನವೇ ಇದು. ಇನ್ನೊಂದು ಕಡೆ, ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳನ್ನು ಈ ಶತಮಾನದ ಆರಂಭದಲ್ಲಿ ಹೊರಗೆ ನೆಲೆಗೊಳಿಸಲಾಯಿತು. ಕುದುರೆಮುಖದ ರಾಷ್ಟ್ರೀಯ ಉದ್ಯಾನದೊಳಗಿನವರಿಗೂ ಪರಿಹಾರವನ್ನು ಕೊಟ್ಟು ಹೊರಕ್ಕೆ ಕರೆಯಲಾಗಿದೆ. ಒಂದು ಕೈ ಜನರನ್ನು ನಿಲ್ಲಿಸಲು ಸೇತುವೆ ಕಟ್ಟುತ್ತದೆ, ಇನ್ನೊಂದು ಕೈ ಕಾಡಿನ ಹಿತಕ್ಕಾಗಿ ಅವರನ್ನು ಎಬ್ಬಿಸುತ್ತದೆ. ಎರಡಕ್ಕೂ ಕಾರಣಗಳುಂಟು. ಆದರೆ ಯಾವ ಹಳ್ಳಿ ನಿಲ್ಲಬೇಕು, ಯಾವುದು ಏಳಬೇಕು ಎಂಬುದನ್ನು ಹಳ್ಳಿಯವರೊಡನೆ ಕುಳಿತು ನಿರ್ಧರಿಸುವ ಪದ್ಧತಿಯು ನಮ್ಮಲ್ಲಿ ಇನ್ನೂ ಬಲಿತಿಲ್ಲ. ೨೦೨೧ರಲ್ಲಿ ನಡೆಯಬೇಕಾಗಿದ್ದ ಗಣನೆಯೂ ಆಗ ನಡೆಯಲಿಲ್ಲವಾದ್ದರಿಂದ, ಹಳ್ಳಿಗಳ ನಿಜಸ್ಥಿತಿಯನ್ನು ಅರಿಯುವ ಕನ್ನಡಿಯೂ ಮಸುಕಾಯಿತು.

ಇನ್ನು ನಮ್ಮ ಪಾಲಿನ ಮಾತು. ೧೯೦೪ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರಯತ್ನದಿಂದ ವೀರಶೈವ ಮಹಾಸಭೆಯು ಸ್ಥಾಪಿತವಾದಂದಿನಿಂದ, ಹಳ್ಳಿಯ ಮಕ್ಕಳಿಗೆ ವಿದ್ಯೆ ದೊರಕಬೇಕೆಂಬುದು ನಮ್ಮ ಸಮಾಜದ ಮೊದಲ ವ್ರತವಾಯಿತು. ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದುವು. ಹರಕು ಕಂಬಳಿಯ ಕೊಪ್ಪೆ ಹೊದ್ದು ಬಂದ ಹುಡುಗರು ವಕೀಲರೂ ವೈದ್ಯರೂ ಇಂಜಿನಿಯರರೂ ಆದರು. ಇದು ಮಹತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸತ್ಯವನ್ನು ಮರೆಮಾಚಬಾರದು: ಹಾಗೆ ಓದಿದವರಲ್ಲಿ ಬಹುಮಂದಿ ಹಳ್ಳಿಗೆ ಹಿಂದಿರುಗಲಿಲ್ಲ. ವಿದ್ಯೆಯು ಊರಿನಿಂದ ಹೊರಕ್ಕೆ ಹೋಗುವ ದಾರಿಯಾಯಿತೇ ಹೊರತು ಒಳಕ್ಕೆ ಬರುವ ದಾರಿಯಾಗಲಿಲ್ಲ. ಸರ್ಕಾರವನ್ನು ದೂರುವ ಮೊದಲು ಈ ಮಾತನ್ನು ನಾವು ನಮ್ಮೊಳಗೇ ಕೇಳಿಕೊಳ್ಳಬೇಕು.

ಚರಿತ್ರೆಯು ಕಲಿಸುವ ಪಾಠವು ಸ್ಪಷ್ಟವಾಗಿದೆ. ಜನರನ್ನು ನಿಲ್ಲಿರೆಂದು ಆಜ್ಞಾಪಿಸಿ ಯಾವ ಸರ್ಕಾರವೂ ನಿಲ್ಲಿಸಲಿಲ್ಲ. ಶಿವಪ್ಪನಾಯಕನು ಕಂದಾಯದ ಭಯವನ್ನು ತೆಗೆದನು; ನಿಂತರು. ವೈದ್ಯರು ಜ್ವರದ ಭಯವನ್ನು ತೆಗೆದರು, ತುಂಬಿದರು. ಭೂಸುಧಾರಣೆಯು ಒಕ್ಕಲೆಬ್ಬಿಸುವ ಭಯವನ್ನು ತೆಗೆಯಿತು; ಬೇರು ಬಿಟ್ಟರು. ಇಂದಿನ ಭಯವು ಬೇರೆ: ಊರಲ್ಲಿ ಉಳಿದ ಮಗನಿಗೆ ಮಾನವಿಲ್ಲ, ಕೆಲಸವಿಲ್ಲ, ಅವನ ಮಗುವಿಗೆ ಶಾಲೆಯಿಲ್ಲ, ತಾಯಿಗೆ ಹತ್ತಿರದಲ್ಲಿ ಆಸ್ಪತ್ರೆಯಿಲ್ಲ ಎಂಬುದು. ಈ ಭಯದ ಅರ್ಧವನ್ನು ಸರ್ಕಾರವು ತೆಗೆಯಬಲ್ಲದು. ಊರಲ್ಲಿ ದುಡಿಯುವವನ ಕಾಯಕಕ್ಕೆ ಪಟ್ಟಣದಲ್ಲಿ ದುಡಿಯುವವನದಕ್ಕಿಂತ ಕಡಿಮೆಯಲ್ಲದ ಗೌರವವನ್ನು ತರುವ ಇನ್ನರ್ಧವು ಸಮಾಜದ್ದು, ಅದರಲ್ಲಿಯೂ ಕಾಯಕದ ತತ್ತ್ವವನ್ನೇ ತಳಹದಿಯಾಗುಳ್ಳ ನಮ್ಮ ಮಠಗಳದ್ದು. ಪ್ರಸಾದನಿಲಯದಿಂದ ಹೊರಡುವ ನೂರು ಹುಡುಗರಲ್ಲಿ ಹತ್ತು ಮಂದಿ ತಮ್ಮ ಊರಿಗೆ ವೈದ್ಯರಾಗಿಯೋ ಉಪಾಧ್ಯಾಯರಾಗಿಯೋ ಕೃಷಿಕರಾಗಿಯೋ ಹಿಂದಿರುಗುವಂತಾದರೆ, ಆ ಹತ್ತು ಊರುಗಳ ಹೆಸರು ಬೇಚರಾಕಿನ ಪಟ್ಟಿಗೆ ಸೇರುವುದಿಲ್ಲ. ಅದಕ್ಕೆ ಬೇಕಾದ ಬುದ್ಧಿಯನ್ನೂ ಬಲವನ್ನೂ ಪರಶಿವನು ನಮಗೆ ದಯಪಾಲಿಸಲೆಂಬುದೇ ನಮ್ಮ ಬಿನ್ನಹ.